ಕೋಠಿಯ ಗೇಟಿನಲ್ಲಿ ನಿಂತ ಗಣಪತಿ

ಕಡಲು ಮುಗಿದಲ್ಲಿ ಕಬ್ಬು

ಮಾರಿಷಸ್ಸಿನ ಮೇಲೆ ವಿಮಾನ ಕೆಳಗಿಳಿಯುವಾಗ ಮೊದಲು ಕಡಲು ಕಂಡಿತು, ಕಡಲು ಮುಗಿದಲ್ಲಿ ಕಬ್ಬು ಸುರುವಾಯಿತು. ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದ ದಸ್ತಗೀರ ಮಾಮಾ ನನ್ನ ಕಡೆ ತಿರುಗಿ, "ಶಿವಗೌಡ, ಕಬ್ಬ ಬಿಟ್ಟು ನಾಕು ದಿನ ಇರಬೇಕಂತ ಬಂದ್ರ ಇಲ್ಲೂ ಅದ ಐತೆಲ್ಲೊ" ಎಂದರು.

ಕಬ್ಬು ನೋಡಲೆಂದೇ ನಮ್ಮನ್ನು ಕರೆತಂದದ್ದು ಎಂಬುದು ಅವರಿಗೂ ಗೊತ್ತಿತ್ತು. ತೊಂಬತ್ತರ ದಶಕದ ಮೊದಲ ಭಾಗದ ಮಾತು. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಕೆಲವು ಬೆಳೆಗಾರರು ಒಂದು ತಂಡವಾಗಿ, ಆ ನಡುಗಡ್ಡೆಯಲ್ಲಿ ಕಬ್ಬು ಹೇಗೆ ಬೆಳೆಯುತ್ತಾರೆಂದು ನೋಡಿ ಬರಲು ಹೊರಟಿದ್ದೆವು. ನಾನು ಉಗಾರ ಬುದ್ರುಕದವನು. ಕೃಷ್ಣೆಯ ದಂಡೆಗೇ ನಮ್ಮ ಹೊಲ. ದಸ್ತಗೀರ ಮಾಮಾ ಐನಾಪುರದವರು. ಮೊದಲು ಗಾಣ ಹಾಕಿ ಬೆಲ್ಲ ಮಾಡುತ್ತಿದ್ದರು, ಆಮೇಲೆ ದ್ರಾಕ್ಷಿ ಹಚ್ಚಿದರು. ನಮ್ಮಪ್ಪನಿಗೂ ಅವರಿಗೂ ಇದ್ದ ಸಲುಗೆಯಿಂದ ನನಗೆ ಅವರು ಮಾಮಾ.

ಕಬ್ಬಿನ ವಿಷಯವನ್ನು ತಂಡದ ಉಳಿದವರು ಊರೂರಲ್ಲಿ ಭಾಷಣ ಮಾಡಿ ಮುಗಿಸಿದ್ದಾರೆ. ನನಗೆ ನೆನಪಿನಲ್ಲಿ ಉಳಿದದ್ದು ಅಲ್ಲಿಯ ಕಲ್ಲು. ಹೊಲಹೊಲದ ನಡುವೆ ಕರಿಕಲ್ಲಿನ ಗುಡ್ಡೆಗಳು, ಗುಡಿಯಷ್ಟು ಎತ್ತರ, ಗೋಡೆ ಕಟ್ಟಿದಷ್ಟು ಅಚ್ಚುಕಟ್ಟು. ಮಾಮಾ ಅವನ್ನು ದೇವರ ಗುಡಿಗಳೆಂದೇ ತಿಳಿದು, ಈ ಮಂದಿಗೆ ಎಷ್ಟೊಂದು ಭಕ್ತಿ ಎಂದು ಮೊದಲ ದಿನವೆಲ್ಲ ಮೆಚ್ಚಿಕೊಂಡಿದ್ದರು. ಜ್ವಾಲಾಮುಖಿ ಉಗುಳಿದ ನೆಲ ಅದು. ಕಲ್ಲು ಆರಿಸಿ ಗುಡ್ಡೆ ಹಾಕಿದ ಮೇಲೆಯೇ ಅಲ್ಲಿ ಬೀಜ ಊರಲು ಮಣ್ಣು ಸಿಗುವುದು. ನಮ್ಮ ಎರೆಹೊಲದಲ್ಲಿ ನಾಯಿಗೆ ಒಗೆಯಲು ಒಂದು ಕಲ್ಲು ಬೇಕೆಂದರೆ ರಸ್ತೆಯವರೆಗೆ ಬರಬೇಕು.

ಬಸ್ಸಿನ ಕೊನೆ

ಚೌತಿಯ ಮರುದಿನ ನಮಗೆ ಬಿಡುವು ಸಿಕ್ಕಿತು. ಉಳಿದವರು ಪೇಟೆಗೆ ಹೋದರು. ಮಾಮಾನಿಗೆ ಕಡಲಿನಲ್ಲಿ ಕಾಲಿಡಬೇಕಾಗಿತ್ತು. ನಾವಿಬ್ಬರೂ ಒಂದು ಬಸ್ಸು ಹತ್ತಿದೆವು. ಕಂಡಕ್ಟರನಿಗೆ ನನ್ನ ಇಂಗ್ಲಿಷ್ ತಿಳಿಯಲಿಲ್ಲ, ಅವನ ಕ್ರಿಯೋಲ್ ಆಡುಮಾತು ನನಗೆ ತಿಳಿಯಲಿಲ್ಲ. ನಾನು ಎರಡೂ ಕೈ ಬೀಸಿ ಈಜುವ ಸನ್ನೆ ಮಾಡಿದೆ. ಅವನು ಸಂತೋಷದಿಂದ ಗೋಣು ಹಾಕಿ ಎರಡು ಟಿಕೆಟ್ ಹರಿದುಕೊಟ್ಟ.

ಆ ದೇಶದ ಬಸ್ಸಿನಲ್ಲಿ ಯಾರೂ ಯಾರ ಊರು, ಯಾರ ಮಗ ಎಂದು ಕೇಳುವುದಿಲ್ಲ. ಕಂಕುಳಲ್ಲಿ ಮೊಳದುದ್ದದ ಬ್ರೆಡ್ಡು ಹಿಡಿದು ಸುಮ್ಮನೆ ಕೂಡುತ್ತಾರೆ. ಬ್ರೆಡ್ಡಿಗೆ ಕಾಗದವನ್ನೂ ಸುತ್ತಿರುವುದಿಲ್ಲ. ನಮ್ಮ ಕಾಗವಾಡದ ಬಸ್ಸಿನಲ್ಲಾಗಿದ್ದರೆ ಮೀರಜ ಮುಟ್ಟುವುದರೊಳಗೆ ಎರಡು ಮದುವೆ ಗಟ್ಟಿಯಾಗುತ್ತಿದ್ದವು. ಬಸ್ಸು ಕಡಲನ್ನು ಬೆನ್ನಿಗೆ ಹಾಕಿ ಒಳನಾಡಿನ ಕಡೆ ಹೊರಳಿದಾಗಲೇ ನನಗೆ ಅನುಮಾನ ಬಂದಿತ್ತು. ಕೊನೆಗೆ ದೊಡ್ಡದೊಂದು ಆಲದ ಮರದ ಕೆಳಗೆ ನಿಲ್ಲಿಸಿ ಕಂಡಕ್ಟರ್ ಇಳಿಯಿರಿ ಎಂದು ಕೈ ತೋರಿಸಿದ. ಕಡಲು ಇರಲಿಲ್ಲ. ಮರದ ಆಚೆ ಎಲ್ಲೋ ಕಲ್ಲಿನ ಮೇಲೆ ನೀರು ಹರಿಯುವ ಸದ್ದು. ಈಜುವ ಸನ್ನೆ ನೋಡಿ ಅವನು ನಮ್ಮನ್ನು ಹೊಳೆಗೆ ತಂದು ಬಿಟ್ಟಿದ್ದ.

"ಆತಾ ಕಾಯ ಕರಾಯಚಂ, ಬಾಬಾ?" ಎಂದು ಮಾಮಾ ತಮಗೆ ತಾವೇ ಅಂದುಕೊಂಡರು. ಈಗೇನು ಮಾಡುವುದಪ್ಪಾ ಎಂದು. ಗಡಿಯ ಮಂದಿ ನಾವು. ಲೆಕ್ಕ ಕನ್ನಡದಲ್ಲಿ ಮಾಡುತ್ತೇವೆ, ಬೇಸರವಾದರೆ ಮರಾಠಿಗೆ ಹೋಗುತ್ತೇವೆ.

ನಮ್ಮ ಮುಂದೆ ಇಳಿದಿದ್ದ ಹೆಣ್ಣುಮಗಳೊಬ್ಬರು ನಿಂತು ತಿರುಗಿದರು. ಅರವತ್ತು ದಾಟಿದ ವಯಸ್ಸು, ಉದ್ದ ಫ್ರಾಕಿನ ಮೇಲೆ ತಲೆಗೆ ಸೆರಗಿನಂತೆ ಹೊದ್ದ ಬಟ್ಟೆ, ಕೈಯಲ್ಲಿ ಚೆಂಡುಹೂವಿನ ಬುಟ್ಟಿ. "ತುಮ್ಹೀ ಕುಠಲೇ?" ಎಂದರು. ನೀವು ಎಲ್ಲಿಯವರು? ಇಡೀ ವಾರದಲ್ಲಿ ನಮ್ಮನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು.

ಅವರ ಹೆಸರು ಯಶೋದಾಬಾಯಿ. ಮುತ್ತಜ್ಜನ ಕಾಲಕ್ಕೆ ಕೊಂಕಣದ ಕಡೆಯಿಂದ ಹಡಗಿನಲ್ಲಿ ಬಂದ ಮನೆತನ. ಅವರ ಮರಾಠಿ ನನ್ನ ಅಜ್ಜಿಯ ಮರಾಠಿಗಿಂತ ಹಳೆಯದು, ನಡುನಡುವೆ ಫ್ರೆಂಚ್ ಶಬ್ದಗಳು ಗುಂಡಿ ಹಚ್ಚಿದಂತೆ ಕೂತಿದ್ದವು. ಅದನ್ನು ನಾನಿಲ್ಲಿ ನಮ್ಮ ಮನೆಯ ಕನ್ನಡದಲ್ಲೇ ಬರೆಯುತ್ತೇನೆ. ಹೊಳೆದಂಡೆಯ ಹಳೆಯ ಸಕ್ಕರೆ ಎಸ್ಟೇಟಿನ ಕೂಲಿಕಾರರ ಸಾಲುಮನೆಯಲ್ಲಿ ಅವರ ವಾಸ. ಎಸ್ಟೇಟಿಗೆ ಅಲ್ಲಿಯವರು ಕೋಠಿ ಎನ್ನುತ್ತಾರೆ. ಅದಕ್ಕೆ ಫ್ರೆಂಚಿನ ಒಂದು ಚೆಂದದ ಹೆಸರಿದೆ, ಆದರೆ ಆ ಮನೆತನ ಇನ್ನೂ ಇರುವುದರಿಂದ ಹೆಸರು ಬಿಟ್ಟಿದ್ದೇನೆ.

ಮನೆಗೆ ಕರೆದರು, ಹೋದೆವು. ತಗಡಿನ ಮಾಡು, ಎರಡು ಕೋಣೆ. ಪಡಸಾಲೆಯಲ್ಲಿ ಸಣ್ಣ ಮಣ್ಣಿನ ಗಣಪತಿ. ಅಲ್ಲಿ ಒಂದೂವರೆ ದಿನಕ್ಕೆ ಗಣಪತಿ ಕಳಿಸುವ ರೂಢಿ, ಅಂದು ಸಂಜೆ ಕಳಿಸುವುದಿತ್ತು. ಮಾಮಾನ ಹೆಸರು ಕೇಳಿದ ಯಶೋದಾಬಾಯಿ, ತಮ್ಮ ಡೋಲಕಿ ಬಾರಿಸುವವನೂ ಮುಸಲ್ಮಾನನೇ ಎಂದು ಹೇಳಿ ಚಹಾ ಕೊಟ್ಟರು. ಮಾಮಾ ಹೆಗಲಚೀಲದಿಂದ ತಮ್ಮ ಜೋಳದ ಕಟಕ ರೊಟ್ಟಿ ತೆಗೆದು ಮುಂದಿಟ್ಟರು. ಆ ರೊಟ್ಟಿಯಿಲ್ಲದೆ ಅವರು ಮೀರಜ ಕೂಡ ದಾಟುವವರಲ್ಲ.

"ಭಾಕರಿ ಅಂದ್ರ ಇದ ಏನ್ರಿ?" ಎಂದು ಯಶೋದಾಬಾಯಿ ಕೇಳಿದರು. ಅವರ ಅಜ್ಜಿ ದಿನಕ್ಕೆ ಹತ್ತು ಸಲ ಭಾಕರಿ ಎನ್ನುತ್ತಿದ್ದಳಂತೆ. ಅಲ್ಲಿ ಜೋಳ ಬೆಳೆಯುವುದಿಲ್ಲ; ಭಾಕರಿ ಎಂದರೆ ಅನ್ನಕ್ಕೆ ಇನ್ನೊಂದು ಹೆಸರು ಎಂದು ಮೊಮ್ಮಗಳಾದ ಇವರು ತಿಳಿದಿದ್ದರು. ಒಂದು ಚೂರು ಮುರಿದು ಬಾಯಿಗೆ ಹಾಕಿ ಬಹಳ ಹೊತ್ತು ಅಗಿದರು. ಮಾಮಾ ಮೆಚ್ಚುಗೆಯ ಮಾತಿಗೆ ಕಾಯುತ್ತಿದ್ದರು. "ಗಟ್ಟಿ ಐತ್ರಿ" ಎಂದಷ್ಟೇ ಹೇಳಿ ಉಳಿದದ್ದನ್ನು ಗಣಪತಿಯ ಮುಂದೆ ಇಟ್ಟರು.

ಗಿರಣಿಯ ಅಂಗಳ

ಊಟವಾದ ಮೇಲೆ ಅವರೇ ನಮ್ಮನ್ನು ಕೋಠಿಯ ಅಂಗಳಕ್ಕೆ ಕರೆದುಕೊಂಡು ಹೋದರು. ಸಾಲುಮನೆಗಳ ಹಿಂದೆಯೇ ಹಳೆಯ ಗಿರಣಿ. ಗೋಡೆಗಳು ಅರ್ಧ ಉಳಿದಿವೆ, ಮಾಡು ಹೋಗಿದೆ. ಕರಿಕಲ್ಲಿನ ಚಿಮಣಿ ಮಾತ್ರ ಪೂರಾ ನಿಂತಿದೆ, ಅದರ ಬಾಯಲ್ಲಿ ಒಂದು ಅರಳಿಗಿಡ. ಕಬ್ಬು ಅರೆಯುವ ಕಬ್ಬಿಣದ ರೋಲರುಗಳು ಹುಲ್ಲಿನಲ್ಲಿ ಮಲಗಿವೆ. ಆನೆಯನ್ನಾದರೂ ಅರೆಯಬಹುದಾದಂಥ ರೋಲರುಗಳು. ಮಾಮಾ ಅವುಗಳ ಹಲ್ಲಿಗೆ ಬೆರಳು ಹಾಕಿ ನೋಡಿ, ಇಂಥವು ಎರಡು ನನ್ನ ಹತ್ತಿರ ಇದ್ದರೆ ದ್ರಾಕ್ಷಿಯ ಗೊಡವೆಗೆ ಹೋಗುತ್ತಿರಲಿಲ್ಲ ಎಂದರು.

ಯಶೋದಾಬಾಯಿ ಹೇಳಿದ ಚರಿತ್ರೆ ಬಹಳ ಸಣ್ಣದು. ಕಲ್ಲು ಎತ್ತಿದರೆ ಕೆಳಗೆ ಬಂಗಾರ ಸಿಗುತ್ತದೆಂದು ನಂಬಿಸಿ ಅವರ ಮುತ್ತಜ್ಜನನ್ನು ಹಡಗು ಹತ್ತಿಸಿದ್ದರು. "ಎತ್ತಿದ್ರು. ಕೆಳಗ ಇನ್ನೊಂದು ಕಲ್ಲ ಸಿಕ್ತು" ಎಂದರು. ಹೊಲದ ಕಲ್ಲು ಮುಗಿದ ಮೇಲೆ ಧಣಿ ಅವರನ್ನು ಹೊಳೆಗೆ ಇಳಿಸಿದ. ಹೊಳೆಯ ಕಲ್ಲನ್ನು ಎಳೆದು ತಂದು ದಂಡೆಗೆ ಮೆಟ್ಟಿಲು ಕಟ್ಟಿದರು. ಆ ಮೆಟ್ಟಿಲಿನ ಮೇಲೆಯೇ ಸಾಲುಮನೆಯವರು ಅಂದಿನಿಂದ ಗಣಪತಿ ಕಳಿಸುತ್ತ ಬಂದಿದ್ದಾರೆ. ಗಿರಣಿಯ ಅಂಗಳ ದಾಟಿ, ಧಣಿಯ ದೊಡ್ಡಮನೆಯ ತೋಟದ ಅಂಚಿಗೆ ಬಿದಿರಿನ ಮೆಳೆಯ ಕೆಳಗೆ ನಡೆದರೆ ಹೊಳೆ.

ಅಂಗಳ ಮುಗಿಯುವಲ್ಲಿ ಒಂದು ಹೊಸ ಕಬ್ಬಿಣದ ಗೇಟು ಇತ್ತು. ಗೇಟಿಗೆ ಕೀಲಿ ಜಡಿದಿತ್ತು. ಆಚೆ ಬಿದಿರಿನ ನೆರಳಿನಲ್ಲಿ ಕಾಲುಹಾದಿ ಕಾಣುತ್ತಿತ್ತು, ತಿಂಗಳೊಪ್ಪತ್ತಿನಿಂದ ಯಾರೂ ನಡೆಯದೆ ಅದರ ಮೇಲೆ ಎಲೆ ಬಿದ್ದಿತ್ತು. ದೊಡ್ಡಮನೆಯ ಯಜಮಾನತಿ ವಯಸ್ಸಾದ ವಿಧವೆ. ಎಲ್ಲರೂ ಆಕೆಯನ್ನು ಮದಾಮ್ ಎನ್ನುತ್ತಿದ್ದರು. ಈಗ ಕಾರಭಾರ ನೋಡುವವನು ಆಕೆಯ ತಮ್ಮನ ಮಗ ಫಿಲಿಪ್. ಗೇಟು ಹಾಕಿಸಿದವನು ಅವನು. ಗಣಪತಿಯನ್ನು ಈ ವರ್ಷದಿಂದ ಲಾರಿಯಲ್ಲಿ ಕಡಲಿಗೆ ಒಯ್ಯಿರಿ ಎಂದು ಹೇಳಿ ಕಳಿಸಿದ್ದ.

ಯಶೋದಾಬಾಯಿ ಮದಾಮರ ಅಡುಗೆಮನೆಯಲ್ಲಿ ತಾಯಿಯ ಕಾಲದಿಂದ ದುಡಿದವರು, ಆಗ ಬಿಟ್ಟು ಕೆಲವೇ ವರ್ಷವಾಗಿತ್ತು. ಒಂದು ಮಾತು ಮದಾಮರಿಗೆ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ನಾನು ಕೇಳಿದೆ.

"ಕೇಳಿದ್ರ ಅದು ಅವರು ಕೊಟ್ಟದ್ದು ಆಕ್ಕೈತಿ" ಎಂದರು. "ಅದು ನಮ್ಮ ಹಾದಿ. ನಾವು ಸಂಜಿಗೆ ಬಂದು ಇಲ್ಲಿ ನಿಂದರ್ತೀವಿ."

"ನಿಂತು ಏನ್ ಮಾಡ್ತೀರಿ?"

"ನಿಂದರ್ತೀವಿ."

ನಮ್ಮನ್ನು ಅವರು ರಸ್ತೆಯ ಕಡೆಯ ದೊಡ್ಡ ಬಾಗಿಲಿಗೆ ಕಳಿಸಿದರು. ಪರದೇಶದವರೆಂದರೆ ಒಳಗೆ ಬಿಡುತ್ತಾರೆ, ತೋಟ ನೋಡುವಂಥದ್ದಿದೆ, ನೋಡಿ ಬನ್ನಿ ಎಂದರು. ನಾವು ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕೂಗಿ, "ನಮ್ಮ ಸಲುವಾಗಿ ಏನೂ ಕೇಳಬ್ಯಾಡ್ರಿ ಮತ್ತ" ಎಂದು ಹೇಳಿದರು.

ದೊಡ್ಡಮನೆ

ಫಿಲಿಪ್ ಕೆಟ್ಟವನಾಗಿ ಕಾಣಲಿಲ್ಲ. ಮೂವತ್ತೈದರ ಸುಮಾರಿನ ತೆಳ್ಳಗಿನ ಮನುಷ್ಯ, ಇಂಡಿಯಾದ ಕಬ್ಬಿನ ಬೆಳೆಗಾರರು ಎಂದು ಹೇಳಿದ ಕೂಡಲೇ ಕೈಕುಲುಕಿ ಒಳಗೆ ಕರೆದ, ತೋಟವನ್ನೆಲ್ಲ ತಾನೇ ತಿರುಗಾಡಿಸಿದ. ಬಾಗಿಲಿನಿಂದ ಮನೆಯವರೆಗೆ ಎರಡೂ ಕಡೆ ತಾಳೆಮರದ ಸಾಲು. ಹುಲ್ಲನ್ನು ಹಜಾಮತಿ ಮಾಡಿದಂತೆ ಕತ್ತರಿಸಿದ್ದರು. ಅಷ್ಟು ನೆಲವನ್ನು ಬರೀ ಹುಲ್ಲಿಗೆ ಬಿಟ್ಟದ್ದು, ಆ ಹುಲ್ಲನ್ನೂ ಯಾವ ಎಮ್ಮೆಗೂ ಹಾಕದ್ದು ಮಾಮಾನ ಮನಸ್ಸಿಗೆ ಬರಲಿಲ್ಲ.

ಹುಲ್ಲಿನ ನಡುವೆ ಎರಡು ದೊಡ್ಡ ಕಬ್ಬಿಣದ ಪಾತ್ರೆ, ಅವುಗಳ ತುಂಬ ನೀರು, ನೀರಿನಲ್ಲಿ ತಾವರೆ. ಹಳೆಯ ಕಾಲದ ಅಲಂಕಾರ ಎಂದು ಫಿಲಿಪ್ ಹೇಳಿದ. ಮಾಮಾ ಬೆರಳುಗಂಟಿನಿಂದ ಬಡಿದು ಸದ್ದು ಕೇಳಿ, "ಕೊಪ್ಪರಿಗಿ" ಎಂದರು. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ. ತಮ್ಮದು ತೂತು ಬಿದ್ದು ಹಿತ್ತಲಲ್ಲಿ ಕೋಳಿ ಮುಚ್ಚಲು ಬಿದ್ದಿದೆ, ಅದರಲ್ಲಿ ತಾವರೆ ಹಚ್ಚುವುದು ಹೊಳೆದಿರಲಿಲ್ಲ ಎಂದು ನನಗೆ ಕನ್ನಡದಲ್ಲಿ ಹೇಳಿದರು.

ಮನೆ ಮರದ್ದು. ಮೀನಿನ ಮೈಯಂತೆ ಸಣ್ಣ ಸಣ್ಣ ಹಲಗೆ ಹೊದಿಸಿದ ಮಾಡು, ಸುತ್ತಲೂ ಕಂಬದ ಪಡಸಾಲೆ. ಅಲ್ಲಿಂದ ನೋಡಿದರೆ ತೋಟ ಇಳಿಯುತ್ತ ಹೋಗಿ ಹೊಳೆಗೆ ಮುಟ್ಟುತ್ತಿತ್ತು. ಹೊಳೆ ಎಂದು ಅವರು ಹೇಳಿದರು. ನಮ್ಮ ಕಡೆ ಅಷ್ಟು ನೀರಿಗೆ ಹಳ್ಳ ಎನ್ನುತ್ತೇವೆ. ಮದಾಮ್ ಪಡಸಾಲೆಯಲ್ಲಿ ಗುಲಾಬಿಯ ಒಣಗಿದ ಟೊಂಗೆ ಕತ್ತರಿಸುತ್ತಿದ್ದರು. ಎಪ್ಪತ್ತು ದಾಟಿದ ನೆಟ್ಟಗಿನ ದೇಹ, ತಲೆಗೆ ಹುಲ್ಲಿನ ಟೋಪಿ. ಬಂದವರನ್ನು ಕೂರಿಸಿ ಚಹಾ ತರಿಸಿದರು. ನಿಧಾನವಾದ ಇಂಗ್ಲಿಷ್ ಮಾತಾಡುತ್ತಿದ್ದರು, ತಡವರಿಸಿದಲ್ಲಿ ಫಿಲಿಪ್ ಸೇರಿಸುತ್ತಿದ್ದ.

ಅವರು ಹೇಳಿದ ಚರಿತ್ರೆ ದೊಡ್ಡದಾಗಿತ್ತು. ಗಂಡನ ಮುತ್ತಜ್ಜ ಈ ಜಾಗ ಹಿಡಿದದ್ದು, ತಾಳೆಮರ ನೆಟ್ಟದ್ದು, ಸಕ್ಕರೆ ಮೂಟೆಗಳನ್ನು ದೋಣಿಗೆ ಹೇರಲು ಹೊಳೆಗೆ ಮೆಟ್ಟಿಲು ಕಟ್ಟಿದ್ದು. ಕಟ್ಟಿದ್ದು ಎಂದು ಅವರು ಹೇಳಿದಾಗ ಆ ಮುತ್ತಜ್ಜ ಟೋಪಿ ತೆಗೆದಿಟ್ಟು ತಾನೇ ಕಲ್ಲು ಹೊತ್ತಂತೆ ಕೇಳಿಸುತ್ತಿತ್ತು. ನಮ್ಮ ದೇಸಾಯರ ವಾಡೆಗಳ ಕಥೆಯನ್ನೂ ನಾವು ಹಾಗೆಯೇ ಹೇಳುತ್ತೇವಾದ್ದರಿಂದ ನನಗೆ ಹೊಸದೆನಿಸಲಿಲ್ಲ. ಅವರು ಹೊಸ ಮದುವಣಗಿತ್ತಿಯಾಗಿ ಬಂದ ವರ್ಷ ಬಿರುಗಾಳಿ ಎದ್ದು ಮಾಡು ಹಾರಿಹೋಯಿತಂತೆ. ಗಂಡ ಪೇಟೆಯಲ್ಲಿದ್ದ. ಅಡಿಗೆಯವಳು, ಅಡಿಗೆಯವಳ ಸಣ್ಣ ಮಗಳು, ತಾನು, ಮೂವರೂ ಊಟದ ಮೇಜಿನ ಕೆಳಗೆ ಒಬ್ಬರನ್ನೊಬ್ಬರು ಹಿಡಿದು ಕೂತಿದ್ದೆವು ಎಂದರು. ಆ ಸಣ್ಣ ಮಗಳು ಯಾರೆಂದು ಲೆಕ್ಕ ಹಾಕಲು ನನಗೆ ಕಷ್ಟವಾಗಲಿಲ್ಲ. ಯಶೋದಾಬಾಯಿ ಇದನ್ನು ನಮಗೆ ಹೇಳಿರಲಿಲ್ಲ.

ನಿಮ್ಮ ಹೊಳೆ ಹೇಗೆ ಎಂದು ಕೇಳಿದರು. ಕೃಷ್ಣೆ ಬೇಸಿಗೆಯಲ್ಲಿ ಮರಳು, ಮಳೆಗಾಲದಲ್ಲಿ ಕಡಲು ಎಂದೆ. ಮಹಾಪೂರ ಬಂದ ವರ್ಷ ಊರೊಳಗೇ ಬರುತ್ತಾಳೆ, ನಾವು ದನಕರ ಹೊಡೆದುಕೊಂಡು ಎತ್ತರಕ್ಕೆ ಹೋಗುತ್ತೇವೆ, ಇಳಿದ ಮೇಲೆ ಬಂದು ಕೆಸರು ಬಳಿಯುತ್ತೇವೆ ಎಂದೆ. ಹೊಳೆಗೆ ಹೋಗುವ ಹಾದಿ ನಮ್ಮ ಹೊಲದಲ್ಲೇ ಹಾದಿದೆ, ಇಡೀ ಓಣಿಯ ಮಂದಿ ಅಲ್ಲಿಂದಲೇ ಬಟ್ಟೆ ಒಗೆಯಲು ಹೋಗುತ್ತಾರೆ ಎಂದೂ ಹೇಳಿದೆ. ಹೋಗುವಾಗ ಕಬ್ಬು ಮುರಿಯುವುದಿಲ್ಲವೇ ಎಂದು ಫಿಲಿಪ್ ಕೇಳಿದ. ಮುರಿಯುತ್ತಾರೆ, ನಮ್ಮಪ್ಪ ಬೈಯುತ್ತಿದ್ದ, ಅವರು ಬೈಸಿಕೊಂಡು ತಿನ್ನುತ್ತಿದ್ದರು ಎಂದೆ. ಮದಾಮ್ ನಕ್ಕರು. ಫಿಲಿಪ್ ನಗಲಿಲ್ಲ. ಕಳೆದ ಬಿರುಗಾಳಿಯಲ್ಲಿ ತಮ್ಮ ಮೆಟ್ಟಿಲುಗಳು ಸಡಿಲವಾಗಿವೆ, ಪಾಚಿ ಕಟ್ಟಿವೆ, ಯಾರಾದರೂ ಜಾರಿ ಬಿದ್ದರೆ ಉತ್ತರ ಹೇಳಬೇಕಾದವನು ತಾನು ಎಂದ. ಹೋಟೆಲಿನವರು ಈ ಜಾಗ ಕೇಳುತ್ತಿದ್ದಾರೆ ಎಂಬುದನ್ನೂ ತೋಟದಲ್ಲಿ ನಡೆಯುವಾಗ ನನಗೆ ಹೇಳಿದ್ದ. ಅದನ್ನು ಮದಾಮರ ಮುಂದೆ ಹೇಳಲಿಲ್ಲ.

ಆಗ ಡೋಲಕಿಯ ಸದ್ದು ಕೇಳಿಸಿತು. ಮದಾಮ್ ಕತ್ತರಿಯನ್ನು ಕೆಳಗಿಟ್ಟು, ಈ ವರ್ಷ ತಡ ಮಾಡಿದರು ಎಂದು ಬಿದಿರಿನ ಕಡೆ ನೋಡಿದರು. ಸದ್ದು ಹತ್ತಿರ ಬರಬೇಕಾಗಿತ್ತು, ಬರಲಿಲ್ಲ. ದೂರವೂ ಹೋಗಲಿಲ್ಲ. ಒಂದೇ ಕಡೆ ನಿಂತು ಬಡಿಯುತ್ತಿತ್ತು. ಯಾಕೆ ನಿಂತಿದ್ದಾರೆ ಎಂದು ಮದಾಮ್ ಕೇಳಿದರು. ಫಿಲಿಪ್ ತನ್ನ ಚಹಾದ ಬಟ್ಟಲಿನೊಳಗೆ ನೋಡುತ್ತಿದ್ದ. ಆಕೆಗೆ ಗೇಟಿನ ವಿಷಯ ಗೊತ್ತೇ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಕೇಳಬೇಡಿ ಎಂದು ಯಶೋದಾಬಾಯಿ ಹೇಳಿದ್ದರು. ಕೇಳುವುದು ಬೇರೆ, ಕೇಳಿದ್ದಕ್ಕೆ ಉತ್ತರ ಹೇಳುವುದು ಬೇರೆ ಎಂದು ನಾನು ಮನಸ್ಸಿನಲ್ಲಿ ತೂಗಿ ನೋಡುತ್ತಿದ್ದಾಗ ಮಾಮಾ ಬಟ್ಟಲು ಕೆಳಗಿಟ್ಟರು. ಅವರ ಇಂಗ್ಲಿಷ್ ದ್ರಾಕ್ಷಿಯ ಔಷಧದ ಡಬ್ಬಿಗಳಿಂದ ಕಲಿತದ್ದು.

"ಗೇಟ್ ಲಾಕ್, ಮದಾಮ್" ಎಂದರು. "ಗಾಡ್ ಔಟ್‌ಸೈಡ್."

ಗೇಟು

ಮದಾಮ್ ಫಿಲಿಪ್‌ನ ಕಡೆ ಕೈ ಚಾಚಿದರು. ಅವನು ಜೇಬಿನಿಂದ ಕೀಲಿಕೈ ತೆಗೆದು ಕೊಟ್ಟ. ಅವರು ಕೋಲು ಊರಿಕೊಂಡು ಬಿದಿರಿನ ಕೆಳಗಿನ ಹಾದಿಯಲ್ಲಿ ನಡೆದರು, ನಾವು ಹಿಂದೆ ನಡೆದೆವು. ಎಲೆಗಳ ಮೇಲೆ ಅವರ ಕೋಲು ಜಾರುತ್ತಿತ್ತು, ಆದರೂ ಫಿಲಿಪ್ ತೋಳು ಕೊಟ್ಟರೆ ಹಿಡಿಯಲಿಲ್ಲ.

ಗೇಟಿನ ಆಚೆ ಸಾಲುಮನೆಯ ಮಂದಿಯೆಲ್ಲ ನಿಂತಿದ್ದರು. ಯಾರೂ ಕೂಗುತ್ತಿರಲಿಲ್ಲ, ಗೇಟನ್ನು ಅಲ್ಲಾಡಿಸುತ್ತಿರಲಿಲ್ಲ. ಒಬ್ಬನ ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಗಣಪತಿ. ಎಲ್ಲರ ಮುಂದೆ ಯಶೋದಾಬಾಯಿ. ಮದಾಮರನ್ನು ಕಂಡು ಡೋಲಕಿ ತಾನಾಗಿ ನಿಂತಿತು. ಮದಾಮ್ ಸರಳಿನ ನಡುವಿನಿಂದ ಕೈ ಹಾಕಿ ಕೀಲಿಕೈಯನ್ನು ಯಶೋದಾಬಾಯಿಯ ಮುಂದೆ ಹಿಡಿದು ಕ್ರಿಯೋಲಿನಲ್ಲಿ ಏನೋ ಅಂದರು. ನೀನೇ ತೆಗೆ ಎಂದು ಅಂದದ್ದು.

ಯಶೋದಾಬಾಯಿ ಅದನ್ನು ಮುಟ್ಟಲಿಲ್ಲ. ಆಗ ಕ್ರಿಯೋಲಿನಲ್ಲಿ ಅಂದದ್ದನ್ನು ಆಮೇಲೆ ತಾವೇ ನಮಗೆ ಬಿಡಿಸಿ ಹೇಳಿದರು.

"ನೀವು ಹಾಕಿಲ್ಲ, ನೀವು ತಗೀಬ್ಯಾಡ್ರಿ. ನಾನೂ ತಗಿಯೂದಿಲ್ಲ. ಹಾಕಿದವರು ತಗೀಲಿ."

ಇಬ್ಬರೂ ಹೆಂಗಸರು ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿದರು. ಸಿಟ್ಟಿನ ನೋಟವೇನೂ ಅಲ್ಲ. ಬಹಳ ವರ್ಷ ಒಂದೇ ಒಲೆಯ ಹತ್ತಿರ ಇದ್ದವರು ಉಪ್ಪು ಸಾಕೋ ಬೇಕೋ ಎಂದು ನೋಡಿಕೊಂಡಂತೆ ಇತ್ತು. ಆಮೇಲೆ ಮದಾಮ್ ಕೀಲಿಕೈಯನ್ನು ಗೇಟಿನ ಕಲ್ಲುಕಂಬದ ಮೇಲೆ ಇಟ್ಟು ಬದಿಗೆ ಸರಿದರು.

ಫಿಲಿಪ್‌ನ ಕಿವಿ ಕೆಂಪಾಗಿದ್ದವು. ನಾವಿಬ್ಬರು ಪರದೇಶದವರು ಅಲ್ಲಿ ಇಲ್ಲದಿದ್ದರೆ ಅವನು ಏನು ಮಾಡುತ್ತಿದ್ದನೋ ನನಗೆ ಗೊತ್ತಿಲ್ಲ. ನಾನು ಬಿದಿರು ನೋಡುತ್ತ ನಿಂತೆ. ಅವನು ಮುಂದೆ ಬಂದು ಕೀಲಿಕೈ ತೆಗೆದುಕೊಂಡ. ಹೊಸ ಕೀಲಿ ಮೊದಲ ಸಲಕ್ಕೆ ತಿರುಗಲಿಲ್ಲ, ಎರಡನೆಯ ಸಲಕ್ಕೂ ತಿರುಗಲಿಲ್ಲ. ಇಡೀ ಮಂದಿ ಕಾದರು, ಒಬ್ಬರೂ ನಗಲಿಲ್ಲ. ಕೊನೆಗೆ ತೆರೆಯಿತು. ಅವರು ದಾಟಿ ಹೋಗುವಾಗ ದಿನವೂ ರಸ್ತೆಯಲ್ಲಿ ಕಂಡಾಗ ಹೇಳುವಂತೆ ಅವನಿಗೆ ನಮಸ್ಕಾರ ಹೇಳುತ್ತ ಹೋದರು. ಅವನೂ ತಲೆಬಾಗಿಸಿ ಉತ್ತರ ಕೊಟ್ಟ. ಡೋಲಕಿ ಮತ್ತೆ ಸುರುವಾಯಿತು.

ಮೆಟ್ಟಿಲು

ಮೆಟ್ಟಿಲು ನಿಜವಾಗಿಯೂ ಚೆಂದ. ಒಂದೊಂದು ಕಲ್ಲೂ ಎತ್ತು ಮಲಗುವಷ್ಟು ದೊಡ್ಡದು, ಸುಣ್ಣ ಗಾರೆ ಏನೂ ಇಲ್ಲದೆ ಒಂದಕ್ಕೊಂದು ಕೂತಿವೆ. ಅವುಗಳ ಮೇಲೆ ಪಾಚಿ ಕಟ್ಟಿದ್ದೂ ನಿಜ. ಸಾಲುಮನೆಯವರು ಚಪ್ಪಲಿ ಬಿಟ್ಟು ಹೆಬ್ಬೆರಳು ಊರಿ ಇಳಿದರು. ಕೃಷ್ಣೆಯ ದಂಡೆಯವನಿಗೆ ಇದೇನು ದೊಡ್ಡದು ಎಂದು ನಾನು ಬೂಟು ಹಾಕಿಕೊಂಡೇ ಇಳಿದೆ. ಮೂರನೆಯ ಮೆಟ್ಟಿಲು ಸಡಿಲವಿತ್ತು.

ನೀರು ತಣ್ಣಗಿತ್ತು ಎಂಬುದು ನೆನಪಿದೆ. ಎದೆಮಟ್ಟದ ನೀರು, ಆದರೆ ಕೆಳಗಿನ ಕಲ್ಲುಗಳ ಮೇಲೆ ಕಾಲು ನಿಲ್ಲಲೊಲ್ಲದು. ಹಿಂದಿನಿಂದ ಯಾರೋ ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದರು. ನೋಡಿದರೆ ಫಿಲಿಪ್, ಪ್ಯಾಂಟು ಬೂಟು ಸಮೇತ ಸೊಂಟದವರೆಗೆ ನೀರಿನಲ್ಲಿ. ಇಂಗ್ಲಿಷಿನಲ್ಲಿ, "ನಾನು ಹೇಳಿದ್ದು ಇದನ್ನೇ" ಎಂದ. ದಂಡೆಯ ಮೇಲೆ ಆಗ ಮೊದಲ ಸಲ ನಗು ಎದ್ದಿತು. ಮದಾಮ್ ನಕ್ಕರು, ಯಶೋದಾಬಾಯಿ ನಕ್ಕರು, ಕೊನೆಗೆ ಅವನೂ ನಕ್ಕ. ಮಾಮಾ ಮಾತ್ರ ನಗಲಿಲ್ಲ. ಅವರಿಗೆ ನೆನಪಾಗಿತ್ತು, ನಮ್ಮಿಬ್ಬರ ಪಾಸ್‌ಪೋರ್ಟುಗಳೂ ನನ್ನ ಜೇಬಿನಲ್ಲಿದ್ದವು.

ಗಣಪತಿಯನ್ನು ಕಳಿಸಿದ್ದು ಅದಾದ ಮೇಲೆ. ಇಬ್ಬರು ನಡುನೀರಿಗೆ ಹೋಗಿ ಹಲಗೆಯನ್ನು ಮೂರು ಸಲ ಮುಳುಗಿಸಿ ಎತ್ತಿದರು, ಮೂರನೆಯ ಸಲ ಬರಿಯ ಹಲಗೆ ಮೇಲೆ ಬಂತು. ಹಲಗೆಯ ಮೇಲೆ ಒಂದು ಹಿಡಿ ಹೊಳೆಯ ಮಣ್ಣು ಹಾಕಿಕೊಂಡು ಮರಳಿದರು. ನಮ್ಮಲ್ಲೂ ಹಾಗೆಯೇ. ಅಷ್ಟು ದೂರ, ಅಷ್ಟು ಕಾಲ ದಾಟಿ, ಭಾಕರಿ ಏನೆಂಬುದು ಮರೆತ ಮಂದಿಗೆ ಆ ಹಿಡಿ ಮಣ್ಣು ಮರೆತಿರಲಿಲ್ಲ. ನಾನು ನಡುಗುತ್ತ ನಿಂತು ನೋಡಿದೆ.

ಅಡುಗೆಮನೆ

ನಮ್ಮನ್ನು ದೊಡ್ಡಮನೆಯ ಅಡುಗೆಮನೆಗೆ ಕರೆದೊಯ್ದರು. ಯಶೋದಾಬಾಯಿಯೂ ಬಂದರು, ಕೆಲಸ ಬಿಟ್ಟ ಮೇಲೆ ಅಲ್ಲಿ ಕಾಲಿಟ್ಟದ್ದು ಅಂದೇ ಅಂತೆ. ಯಾವ ಕಪಾಟಿನಲ್ಲಿ ಒಣಬಟ್ಟೆ ಇದೆ ಎಂದು ಯಾರನ್ನೂ ಕೇಳಲಿಲ್ಲ. ಪಾಸ್‌ಪೋರ್ಟುಗಳನ್ನು ಹಾಳೆ ಹಾಳೆ ಬಿಡಿಸಿ ಒಲೆಯ ಮೇಲಿನ ತಂತಿಗೆ ನೇತುಹಾಕಿದರು, ಹಪ್ಪಳ ಒಣಹಾಕಿದಂತೆ. ಮದಾಮ್ ತೀರಿಹೋದ ಗಂಡನ ಒಂದು ಪ್ಯಾಂಟು ತಂದುಕೊಟ್ಟರು. ಕಾಲು ಒಂದು ಗೇಣು ಉದ್ದವಿದ್ದವು. ಮಡಚಿಕೊಂಡು ಉಟ್ಟೆ.

"ಶಿವಗೌಡ, ಈಗ ಕೋಠಿ ಧಣಿ ನೀನ ನೋಡು" ಎಂದರು ಮಾಮಾ.

ಒಲೆಯ ಹತ್ತಿರ ಇಬ್ಬರು ಹೆಂಗಸರೂ ಕಾಫಿ ಹಿಡಿದು ನಿಂತು ಕ್ರಿಯೋಲಿನಲ್ಲಿ ಮಾತಾಡಿದರು. ನನ್ನ ಲಕ್ಷ್ಯವೆಲ್ಲ ತಂತಿಯ ಮೇಲಿತ್ತು, ಮಾತಿನ ಧಾಟಿ ಮಾತ್ರ ಕಿವಿಗೆ ಬಿತ್ತು. ಮದಾಮ್ ಒಂದು ಸಲ ಬಹಳ ಮೆಲ್ಲಗೆ ಏನೋ ಕೇಳಿದರು, ಯಶೋದಾಬಾಯಿ ಒಂದೇ ಉಸಿರಿನಲ್ಲಿ ಉತ್ತರ ಹೇಳಿದರು. ಬಸ್ಸಿನವರೆಗೆ ಕಳಿಸಲು ಬಂದಾಗ ಅದೇನೆಂದು ನಾನು ಕೇಳಿದೆ. ನನ್ನ ಹತ್ತಿರ ಯಾಕೆ ಬರಲಿಲ್ಲ ಎಂದು ಮದಾಮ್ ಕೇಳಿದ್ದರಂತೆ.

"ಬಂದಿದ್ರ ನೀವು ತಗಸ್ತಿದ್ರಿ, ಮುಂದಿನ ವರ್ಷ ನಾ ಮತ್ತ ಬರಬೇಕಾಗ್ತಿತ್ತು ಅಂದೆ."

"ಅದಕ್ಕವರು ಏನಂದ್ರು?"

"ಏನಂತಾರ. ನನ್ನ ಕಾಫಿಗೆ ಇನ್ನೊಂದು ಚಮಚ ಸಕ್ರಿ ಹಾಕಿದ್ರು. ನನಗ ಸಕ್ರಿ ಬ್ಯಾನಿ ಐತಿ, ಅವರಿಗೆ ಗೊತ್ತಿಲ್ಲ. ಕುಡದೆ."

ಬಸ್ಸು ಬಂತು. ಕಂಡಕ್ಟರ್ ಅವನೇ. ನನ್ನ ಒದ್ದೆ ತಲೆ ನೋಡಿ, ಈಜು ಚೆನ್ನಾಗಿ ಆಯಿತೇ ಎಂದು ಕೈಸನ್ನೆಯಲ್ಲಿ ಕೇಳಿದ. ಆಯಿತು ಎಂದೆ.

ಮರಳಿ ಉಗಾರಕ್ಕೆ

ಮುಂಬಯಿ ವಿಮಾನ ನಿಲ್ದಾಣದ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದು, ಇದು ಏನು, ಎಲ್ಲಿ ಬಿದ್ದಿತ್ತು ಎಂದು ಕೇಳಿದ. ಹೊಳೆಯಲ್ಲಿ ಎಂದೆ. ಯಾವ ಹೊಳೆ ಎಂದ. ಹೆಸರು ನನಗೆ ಗೊತ್ತಿರಲಿಲ್ಲ. ಹಿಂದಿನ ಸಾಲು ಬೆಳೆಯುತ್ತಿತ್ತು, ಅವನು ಬೇಸತ್ತು ಮುದ್ರೆ ಒತ್ತಿದ.

ನಾಲ್ಕೈದು ವರ್ಷಗಳ ಮೇಲೆ ನಮ್ಮ ಕಡೆಯಿಂದ ಇನ್ನೊಂದು ತಂಡ ಅಲ್ಲಿಗೆ ಹೋಯಿತು. ಅದರಲ್ಲಿದ್ದ ರಾಯಬಾಗದ ಬೆಳೆಗಾರನೊಬ್ಬನಿಗೆ ಆಲದ ಮರದ ಗುರುತು ಹೇಳಿ, ಹೋದರೆ ಯಶೋದಾಬಾಯಿಯನ್ನು ಕಂಡು ಬಾ ಎಂದಿದ್ದೆ. ಅವನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಕಂಡು ಬಂದ. ಮದಾಮ್ ತೀರಿಕೊಂಡಿದ್ದರು. ಕೋಠಿ ಹೋಟೆಲ್ ಆಗಿತ್ತು, ಫಿಲಿಪ್ ಅದರ ವ್ಯವಸ್ಥಾಪಕನಾಗಿದ್ದ. ಅವನು ಮೆಟ್ಟಿಲುಗಳನ್ನು ಸರಿಮಾಡಿಸಿ ಪಕ್ಕಕ್ಕೆ ಹಿಡಿಕೆ ಹಾಕಿಸಿದ್ದ. ಗೇಟಿಗೆ ಆಮೇಲೆ ಎಂದೂ ಕೀಲಿ ಬಿದ್ದಿರಲಿಲ್ಲ. ಚೌತಿ ಬಂದರೆ ಹೋಟೆಲಿನವರೇ ಬಿದಿರಿನ ಹಾದಿಯನ್ನು ಗುಡಿಸಿ ಎರಡೂ ಕಡೆ ದೀಪ ಇಡುತ್ತಿದ್ದರು, ತಂಗಿದ ಪ್ರವಾಸಿಗಳಿಗೆ ಮೊದಲೇ ತಿಳಿಸುತ್ತಿದ್ದರು, ಅವರೆಲ್ಲ ಕ್ಯಾಮೆರಾ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು.

ಸಾಲುಮನೆಯವರು ಎರಡು ವರ್ಷ ಅಲ್ಲಿಂದ ನಡೆದರು, ಆಮೇಲೆ ಬಿಟ್ಟರು. ಈಗ ರಸ್ತೆಯ ಸೇತುವೆಯ ಹತ್ತಿರ ನೀರಿಗೆ ಇಳಿದು, ಹೊಳೆಯೊಳಗೇ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಮೆಟ್ಟಿಲಿನ ಬುಡದವರೆಗೆ ಬರುತ್ತಾರಂತೆ. ರಾಯಬಾಗದವನು ಹೋದದ್ದು ಸರಿಯಾಗಿ ಚೌತಿಯ ದಿನಗಳಲ್ಲಿ, ಅವನೂ ಅವರ ಜೊತೆ ನೀರಿನಲ್ಲಿ ನಡೆದ. ಗೇಟು ತೆರೆದಿದೆ, ಹಾದಿ ಗುಡಿಸಿದೆ, ಹಿಡಿಕೆ ಇದೆ, ಇಷ್ಟೆಲ್ಲ ಬಿಟ್ಟು ಈ ವಯಸ್ಸಿನಲ್ಲಿ ಈ ಕಷ್ಟ ಯಾಕೆ ಎಂದು ಯಶೋದಾಬಾಯಿಯನ್ನು ಕೇಳಿದ.

"ನಾವು ದೇವರನ್ನ ಕಳಸಾಕ ಹೊಂಟೀವಿ, ತೋರಿಸ್ಕೊಳ್ಳಾಕ ಅಲ್ಲ" ಎಂದರಂತೆ.

ಉಟ್ಟದ್ದನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ಒಂದು ಬಿದಿರಿನ ಕೋಲು ಹಿಡಿದು, ಯಾವ ಕಲ್ಲು ಅಲ್ಲಾಡುತ್ತದೆ ಎಂದು ಹಿಂದಿನವರಿಗೆ ಬಡಿದು ತೋರಿಸುತ್ತ, ಅವರು ಎಲ್ಲರಿಗಿಂತ ಮುಂದೆ ಹೊಳೆಯೊಳಗೆ ನಡೆಯುತ್ತಿದ್ದರು ಎಂದು ಅವನು ಹೇಳಿದ.